ಮಾತಿಗೆ ಜಾಗ ಕೊಟ್ಟ ಪುಟ್ಟ ದ್ವೀಪ



ಭೂಪಟದಲ್ಲಿ ಬೂಟಿನ ಆಕಾರದ ಇಟಲಿಯನ್ನು ಹುಡುಕಿ. ಅದರ ತುದಿಯಲ್ಲಿ ಸಿಸಿಲಿ ಇದೆ. ಅಲ್ಲಿಂದ ಸುಮಾರು 90 ಕಿ.ಮೀ. ದಕ್ಷಿಣಕ್ಕೆ ಒಂದು ಚುಕ್ಕೆ ಕಾಣುತ್ತದೆ. ಅದೇ ಮಾಲ್ಟಾ. ವಿಸ್ತೀರ್ಣ 316 ಚದರ ಕಿ.ಮೀ., ಜನಸಂಖ್ಯೆ 5 ಲಕ್ಷಕ್ಕಿಂತ ಹೆಚ್ಚು. ಅಲ್ಲಿ ಕಲ್ಲಿದ್ದಲಿಲ್ಲ, ಲೋಹದ ಗಣಿಗಳಿಲ್ಲ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೂ ವೈದ್ಯರು, ವ್ಯಾಪಾರಿಗಳು, ವಿಜ್ಞಾನಿಗಳು, ರಾಷ್ಟ್ರನಾಯಕರು ಸಭೆ ಸೇರಲು ಅಲ್ಲಿಗೆ ಹೋಗುತ್ತಾರೆ. ಇದಕ್ಕೆ ಕಾರಣವೇನು?

ಮೊದಲ ಕಾರಣ ಸ್ಥಾನ. ಯೂರೋಪು ಮತ್ತು ಉತ್ತರ ಆಫ್ರಿಕಗಳ ನಡುವೆ ಇರುವುದರಿಂದ ಎರಡೂ ಕಡೆಯವರಿಗೆ ಅದು ಹತ್ತಿರ. ಎರಡನೆಯದು ಭಾಷೆ. 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಈ ದೇಶದಲ್ಲಿ ಮಾಲ್ಟೀಸ್ ಜೊತೆಗೆ ಇಂಗ್ಲಿಷೂ ಅಧಿಕೃತ ಭಾಷೆ. ಮೂರನೆಯದು ಲೆಕ್ಕಾಚಾರ. ಬೇಸಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ಪ್ರವಾಸಿಗಳಿಂದ ಹೋಟೆಲುಗಳು ತುಂಬುತ್ತವೆ. ಚಳಿಗಾಲದಲ್ಲಿ ಕೋಣೆಗಳು ಖಾಲಿ ಬೀಳುತ್ತವೆ. ಸಮ್ಮೇಳನಗಳು ನಡೆಯುವುದು ಹೆಚ್ಚಾಗಿ ರಜೆಯಲ್ಲದ ತಿಂಗಳುಗಳಲ್ಲಿ. ಹಾಗಾಗಿ ಅಡುಗೆಯವರು, ಚಾಲಕರು, ಭಾಷಾಂತರಕಾರರು, ಧ್ವನಿ ತಂತ್ರಜ್ಞರಿಗೆಲ್ಲ ವರ್ಷವಿಡೀ ಕೆಲಸ ಸಿಗುತ್ತದೆ. ಸಭೆ ಎಂಬುದೂ ಒಂದು ಉದ್ಯಮ.

ಸಭೆಗೆ ಸಭಾಂಗಣ ಬೇಕಲ್ಲವೆ? ರಾಜಧಾನಿ ವ್ಯಾಲೆಟ್ಟಾದಲ್ಲಿ ಸೇಂಟ್ ಜಾನ್ ಪಂಥದ ವೀರಯೋಧರು 1574ರಲ್ಲಿ ಒಂದು ದೊಡ್ಡ ಆಸ್ಪತ್ರೆಯ ನಿರ್ಮಾಣ ಆರಂಭಿಸಿದರು. ಅದರ ಮುಖ್ಯ ವಾರ್ಡಿನ ಉದ್ದ ಸುಮಾರು 155 ಮೀಟರ್! ಅಲ್ಲಿ ರೋಗಿಗಳಿಗೆ ಬೆಳ್ಳಿಯ ತಟ್ಟೆಗಳಲ್ಲಿ ಊಟ ಬಡಿಸುತ್ತಿದ್ದರು. ಬೆಳ್ಳಿ ಶುಚಿಯಾಗಿಡಲು ಸುಲಭ ಎಂಬುದನ್ನು ಗಮನಿಸಿ. ಈ ಹಳೆಯ ಕಟ್ಟಡವನ್ನು ಕೆಡವದೆ, ದುರಸ್ತಿ ಮಾಡಿ, 1979ರಲ್ಲಿ ಮೆಡಿಟರೇನಿಯನ್ ಸಮ್ಮೇಳನ ಕೇಂದ್ರವಾಗಿ ತೆರೆದರು. 1987ರಲ್ಲಿ ಬೆಂಕಿ ಬಿದ್ದು ದೊಡ್ಡ ಸಭಾಂಗಣ ಸುಟ್ಟಿತು. ಅದನ್ನು ಮತ್ತೆ ಕಟ್ಟಿದರು.

ಆದರೆ ಮಾಲ್ಟಾದ ಅತ್ಯಂತ ಪ್ರಸಿದ್ಧ ಸಭೆ ನಡೆದದ್ದು ನೀರಿನ ಮೇಲೆ. 1989ರ ಡಿಸೆಂಬರ್ 2 ಮತ್ತು 3ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಅಲ್ಲಿ ಭೇಟಿಯಾದರು. ಬರ್ಲಿನ್ ಗೋಡೆ ತೆರೆದು ಇನ್ನೂ ತಿಂಗಳು ಕಳೆದಿರಲಿಲ್ಲ. ಎರಡೂ ದೇಶಗಳ ಯುದ್ಧನೌಕೆಗಳಲ್ಲಿ ಸರದಿಯಂತೆ ಮಾತುಕತೆ ಎಂದು ನಿಶ್ಚಯವಾಗಿತ್ತು. ಬಿರುಗಾಳಿ ಎದ್ದಿತು. ಕೆಲವು ಭೇಟಿಗಳು ರದ್ದಾಗಿ, ಮಾತುಕತೆ ಬಂದರಿನಲ್ಲಿ ನಿಂತಿದ್ದ ‘ಮ್ಯಾಕ್ಸಿಮ್ ಗೋರ್ಕಿ’ ಎಂಬ ಪ್ರಯಾಣಿಕರ ಹಡಗಿನಲ್ಲಿ ನಡೆಯಿತು. ಶೀತಲ ಸಮರ ಮುಗಿದ ಘಟ್ಟವೆಂದು ಅನೇಕರು ಈ ಭೇಟಿಯನ್ನು ಹೆಸರಿಸುತ್ತಾರೆ.

ಜಾಗ ಕೊಟ್ಟ ಮಾತ್ರಕ್ಕೆ ಒಂದು ನಾಡಿಗೆ ಗೌರವ ಬರುವುದೆ? ಇಲ್ಲ. ಅದಕ್ಕೆ ಹೇಳಲು ತನ್ನದೇ ಮಾತೂ ಇರಬೇಕು. ಮಾಲ್ಟಾಕ್ಕೆ ಅದು ಇತ್ತು. ಸ್ವತಂತ್ರವಾದ ಮೂರೇ ವರ್ಷಕ್ಕೆ, 1967ರ ನವೆಂಬರ್‌ನಲ್ಲಿ, ಅದರ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಒಂದು ವಾದ ಮುಂದಿಟ್ಟರು: ಯಾವ ದೇಶದ ಎಲ್ಲೆಗೂ ಸೇರದ ಸಾಗರತಳ ಬಲಿಷ್ಠರ ಪಾಲಾಗಬಾರದು, ಅದು ಮನುಕುಲದ ಸಮಾನ ಸ್ವತ್ತಾಗಬೇಕು. ಈ ವಿಚಾರವನ್ನು ಚರ್ಚಿಸಲು 1970ರಲ್ಲಿ ಮಾಲ್ಟಾದಲ್ಲೇ ಸಮ್ಮೇಳನ ಸೇರಿತು. 1972ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಅಲ್ಲೇ ಹುಟ್ಟಿತು. 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ ಆ ತತ್ವ ಸೇರಿತು. ಮ್ಯಾಂಗನೀಸ್ ಗಂಟುಗಳ ಶೋಧನೆಗಾಗಿ 1987ರಲ್ಲಿ ಭಾರತಕ್ಕೆ ಹಿಂದೂ ಮಹಾಸಾಗರದ ತಳದಲ್ಲಿ ಒಂದು ಪ್ರದೇಶ ದೊರೆತದ್ದೂ ಇದೇ ವ್ಯವಸ್ಥೆಯ ಅಡಿಯಲ್ಲಿ.

ಸಭೆಗಳಿಗೆ ಮಿತಿಯೂ ಉಂಟು. 2015ರ ಏಪ್ರಿಲ್‌ನಲ್ಲಿ ಲಿಬಿಯಾದಿಂದ ಹೊರಟ ವಲಸಿಗರ ದೋಣಿ ಮುಳುಗಿ ನೂರಾರು ಜನ ಸತ್ತರು. 24 ಶವಗಳನ್ನು ಮಾಲ್ಟಾಕ್ಕೆ ತಂದು ಮಣ್ಣು ಮಾಡಿದರು. ಅದೇ ನವೆಂಬರ್‌ನಲ್ಲಿ ಯೂರೋಪು ಮತ್ತು ಆಫ್ರಿಕದ ನಾಯಕರು ವ್ಯಾಲೆಟ್ಟಾದಲ್ಲಿ ಸೇರಿ ಆಫ್ರಿಕಕ್ಕಾಗಿ ಒಂದು ನಿಧಿಗೆ ಚಾಲನೆ ಕೊಟ್ಟರು. ಆದರೆ ದೋಣಿ ದುರಂತಗಳು ನಿಲ್ಲಲಿಲ್ಲ.

ಇನ್ನು ಅತಿಥಿಗಳು ಕುಡಿಯುವ ನೀರು? ಮಾಲ್ಟಾದ ನಲ್ಲಿ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ್ದು. ಉಪ್ಪುನೀರನ್ನು ಭಾರೀ ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ತಳ್ಳಿದಾಗ ನೀರು ದಾಟುತ್ತದೆ, ಉಪ್ಪು ಉಳಿಯುತ್ತದೆ. ಆ ಒತ್ತಡಕ್ಕೆ ವಿದ್ಯುತ್ ಬೇಕು. ಅತಿಥಿಯ ಮುಂದಿಟ್ಟ ಪ್ರತಿ ಲೋಟಕ್ಕೂ ದ್ವೀಪ ಬೆಲೆ ತೆರುತ್ತದೆ.

ಮುಂದೆ ವಾರ್ತೆಯಲ್ಲಿ ‘ಶೃಂಗಸಭೆ’ ಎಂಬ ಪದ ಕೇಳಿದಾಗ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಅದು ಆ ಊರಿನಲ್ಲೇ ಏಕೆ ನಡೆಯಿತು? ಯಾರು ಮಾತನಾಡಿದರು? ಆ ಊರಿನವರಿಗೆ ಏನು ದಕ್ಕಿತು? ಒಂದು ವರ್ಷದ ಮೇಲೆ ಏನು ಬದಲಾಯಿತು? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಾದೀತು. ಹೋಗಿ ಬನ್ನಿ.