ಹಲ್ಲುನೋವೂ ನೋವಿನ ಮಾತ್ರೆಯೂ



ನಾಡುನುಡಿಯ ಉತ್ಸವದಲ್ಲಿ ಹಲ್ಲುನೋವಿನ ಮಾತೇಕೆಂದು ಕೆಲವರು ನಗಬಹುದು. ನುಡಿ ಹೊರಡುವುದೇ ಹಲ್ಲು ನಾಲಗೆಗಳ ನಡುವಿನಿಂದ. ಆ ಹಲ್ಲು ನೊಂದಾಗ ನಮ್ಮ ಮನೆಗಳಲ್ಲಿ ನಡೆಯುವುದೇನೆಂದು ವಿಚಾರಮಾಡುವುದು ಅವಶ್ಯವೆಂದು ನಮ್ಮ ಭಾವನೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಮಗ್ಗದವರು, ಗಿರಣಿಯವರು, ಬನಿಯನ್ ಕಾರ್ಖಾನೆಯವರು ಅನೇಕರು. ಇವರಿಗೆ ಒಂದು ದಿನ ಕೆಲಸ ತಪ್ಪಿದರೆ ಆ ದಿನದ ಕೂಲಿಯೂ ತಪ್ಪುತ್ತದೆ. ಆದುದರಿಂದ ಅಂಗಡಿಯಲ್ಲಿ ಎರಡು ಮಾತ್ರೆ ಕೊಂಡು ನುಂಗಿ ಪಾಳಿಗೆ ಹೋಗುವವರುಂಟು. ನೋವು ಅಡಗುತ್ತದೆ, ಹಲ್ಲು ಮಾತ್ರ ಕೊಳೆಯುತ್ತಲೇ ಇರುತ್ತದೆ.

ಹುಳುಕು ಹಲ್ಲಿನೊಳಗಿನ ಮೆತ್ತನೆಯ ತಿರುಳನ್ನು ತಲುಪಿದಾಗ ಅಲ್ಲಿ ಉರಿಯೂತವುಂಟಾಗುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಬಾತ ತಿರುಳಿಗೆ ಹಿಗ್ಗಲು ಎಡೆಯಿಲ್ಲ. ಅದರಿಂದಲೇ ಆ ಸಿಡಿತ. ಐಬುಪ್ರೊಫೆನ್ ಈ ಉರಿಯೂತವನ್ನು ತಗ್ಗಿಸುತ್ತದೆ. ಪ್ಯಾರಾಸಿಟಮಾಲ್ ನೋವಿನ ಅರಿವನ್ನು ಕುಗ್ಗಿಸುತ್ತದೆ. ಹಲ್ಲು ಕಿತ್ತ ಬಳಿಕ ಇವೆರಡನ್ನೂ ಕೂಡಿಸಿ ಕೊಟ್ಟರೆ ಅಫೀಮು ಜಾತಿಯ ಮದ್ದಿಗೆ ಕಡಮೆಯಲ್ಲದ ಶಮನ ದೊರೆಯುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆ ಜಾತಿಯ ಟ್ರಮಡಾಲ್ ಮಾತ್ರೆಯನ್ನು ಭಾರತ ಸರಕಾರವು 2018ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ಒಳಪಡಿಸಿತು. ಆಂಟಿಬಯೋಟಿಕ್ ನೋವಿನ ಮದ್ದಲ್ಲ. ಸೋಂಕು ಹರಡಿ ಮುಖ ಬಾತಾಗ, ಜ್ವರ ಬಂದಾಗ ಅದರ ಅಗತ್ಯವನ್ನು ವೈದ್ಯರೇ ನಿರ್ಣಯಿಸುತ್ತಾರೆ.

ಒಬ್ಬರಿಗೆ ಹಿತವಾದ ಮಾತ್ರೆ ಮತ್ತೊಬ್ಬರಿಗೆ ವಿಷವಾದೀತು. ಹೊಟ್ಟೆಹುಣ್ಣು, ಮೂತ್ರಪಿಂಡದ ರೋಗ, ಕೆಲವು ಬಗೆಯ ಉಬ್ಬಸ ಇದ್ದವರಿಗೂ, ರಕ್ತ ಹೆಪ್ಪುಗಟ್ಟದಂತೆ ಮದ್ದು ಸೇವಿಸುವವರಿಗೂ, ಗರ್ಭಿಣಿಯರಿಗೂ ಐಬುಪ್ರೊಫೆನ್ ಅಪಾಯಕರವಾಗಬಹುದು. ಡೆಂಗ್ಯೂ ಜ್ವರದ ಶಂಕೆಯಿದ್ದಾಗಲೂ ಅದು ಸಲ್ಲದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಆರೋಗ್ಯವಂತ ವಯಸ್ಕನಿಗೂ ಪ್ಯಾರಾಸಿಟಮಾಲಿನ ಮೇರೆ ದಿನಕ್ಕೆ 4 ಗ್ರಾಂ, ಎಂದರೆ 500 ಮಿಲಿಗ್ರಾಂನ 8 ಮಾತ್ರೆ. ಮೀರಿದರೆ ಯಕೃತ್ತಿಗೆ ಕೇಡು. ನೆಗಡಿಯ ಮಾತ್ರೆಗಳಲ್ಲಿಯೂ ಇದೇ ಮದ್ದು ಸೇರಿರುವುದುಂಟೆಂಬುದನ್ನು ಮರೆಯಲಾಗದು. ನೊಂದ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆಯನ್ನಿಡುವ ಪದ್ಧತಿಯಂತೂ ಬಾಯನ್ನು ಸುಡುತ್ತದೆ.

ಆದುದರಿಂದಲೇ ದಂತವೈದ್ಯರು ಚೀಟಿ ಬರೆಯುವ ಮುನ್ನ ಬೇರೆ ಕಾಯಿಲೆಗಳನ್ನೂ, ಸೇವಿಸುವ ಮದ್ದುಗಳನ್ನೂ ಕೇಳುತ್ತಾರೆ. ನಮ್ಮವರಿಗೆ ತೊಡಕು ಬರುವುದು ಇಲ್ಲಿಯೇ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಅಜ್ಜಿಗೆ ತಮಿಳಿನ ಪ್ರಶ್ನೆ ಪೂರ್ತಿ ತಿಳಿಯದೆ, ಸಂಕೋಚದಿಂದ "ಏನೂ ಇಲ್ಲ" ಎಂದುಬಿಟ್ಟರೆ, ಹಳೆಯ ಹೊಟ್ಟೆಹುಣ್ಣು ಚೀಟಿಗೆ ಬಾರದೆ ಉಳಿಯುತ್ತದೆ. ಹಲ್ಲಿಗೆ ಹಳಗನ್ನಡದಲ್ಲಿ 'ಪಲ್' ಎಂದರು, ತಮಿಳರು ಇಂದಿಗೂ ಹಾಗೆಯೇ ಎನ್ನುತ್ತಾರೆ; 'ನೋವು' ಎಂಬ ಮಾತೂ ಎರಡು ನುಡಿಗಳಿಗೆ ಸೇರಿದ್ದು. ಹಲ್ಲುನೋವೆಂದು ತಿಳಿಸುವುದು ಸುಲಭ. ಮಿಕ್ಕ ಕಾಯಿಲೆಗಳನ್ನು ತಿಳಿಸುವುದೇ ಕಷ್ಟ.

ಎರಡೂ ನುಡಿ ಬಲ್ಲ ನಮ್ಮ ಮಕ್ಕಳು ಈ ಕಷ್ಟವನ್ನು ನೀಗಬಲ್ಲರು. ಹಿರಿಯರ ಕಾಯಿಲೆಗಳನ್ನೂ ನಿತ್ಯದ ಮದ್ದುಗಳನ್ನೂ ಒಂದು ಕಾಗದದಲ್ಲಿ ತಮಿಳಿನಲ್ಲಿ ಬರೆದು, ಆಸ್ಪತ್ರೆಗೆ ಅವರ ಜತೆಯಲ್ಲಿ ಹೋಗಲಿ. ಮಾತ್ರೆಯನ್ನು ಯಾವಾಗ, ಎಷ್ಟು ದಿನ ನುಂಗಬೇಕೆಂದು ಕೇಳಿಕೊಂಡು ಕನ್ನಡದಲ್ಲಿ ತಿಳಿಸಲಿ. ಕಾರ್ಮಿಕರ ಇ.ಎಸ್.ಐ. ಯೋಜನೆ 1955ರಲ್ಲೇ ಕೊಯಮತ್ತೂರಿಗೆ ಬಂದಿತು. ಅಲ್ಲಿಯ ವೈದ್ಯಕೀಯ ಕಾಲೇಜು 1966ರಲ್ಲಿಯೂ ತಿರುಪ್ಪೂರಿನದು 2022ರಲ್ಲಿಯೂ ಆರಂಭವಾದವು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ.

ಮಾತ್ರೆಯು ವೈದ್ಯರ ಬಳಿಗೆ ಹೋಗುವವರೆಗಿನ ಆಸರೆಯೇ ಹೊರತು ಚಿಕಿತ್ಸೆಯಲ್ಲ. ಹಲ್ಲಿನ ತಿರುಳನ್ನು ಶುದ್ಧಮಾಡಿಸಬೇಕು, ಇಲ್ಲವೆ ಹಲ್ಲನ್ನು ಕೀಳಿಸಬೇಕು. ಮುಖ ಬಾತು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಕಳೆದ ಕೂಲಿಯನ್ನು ಮತ್ತೆ ಗಳಿಸಬಹುದು. ಕೆಟ್ಟ ಮೂತ್ರಪಿಂಡವನ್ನು ಗಳಿಸಲಾಗದು.