ಆಯುಧಕ್ಕೆ ಪೂಜೆ, ಕೈಗೆ ಬನ್ನಿ

(ಮಹಾನವಮಿಯ ಹಿಂದಿನ ವಾರ ಪೀಣ್ಯದಲ್ಲಿ ಕಾರ್ಮಿಕರೂ ಶಾಲೋಪಾಧ್ಯಾಯರೂ ನೆರೆದಿದ್ದ ಕೂಟದಲ್ಲಿ ಮಾಡಿದ ಭಾಷಣ)



ಇನ್ನು ಕೆಲವೇ ದಿನಗಳಲ್ಲಿ ಮಹಾನವಮಿ ಬರುವುದು. ಆ ದಿನ ಈ ಪೀಣ್ಯದ ಚಹರೆಯೇ ಬದಲಾಗುವುದನ್ನು ತಾವೆಲ್ಲರೂ ಬಲ್ಲಿರಿ. ಹಗಲಿರುಳೆನ್ನದೆ ತಿರುಗಿದ ಲೇತು ನಿಲ್ಲುವುದು. ಪ್ರೆಸ್ಸಿನ ಬಡಿತ ಅಡಗುವುದು. ವರ್ಷದ ಜಿಡ್ಡನ್ನೆಲ್ಲ ಒರೆಸಿ, ಯಂತ್ರಗಳಿಗೆ ಅರಿಸಿನ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ತೊಡಿಸಿ, ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳವನ್ನು ನಿವಾಳಿಸಿ ಒಡೆಯುವರು. ಕಡಲೆಪುರಿ, ಮಿಠಾಯಿ ಹಂಚುವರು. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಗಣಕಯಂತ್ರಗಳ ಮೇಲೆ ಕುಂಕುಮದ ಬೊಟ್ಟು ಕಾಣುವುದು. ಸಂಜೆಯಾಗುವಷ್ಟರಲ್ಲಿ ಕಾರ್ಖಾನೆಗಳಿಗೆ ಬೀಗ ಬೀಳುವುದು. ತುಮಕೂರು ರಸ್ತೆಯ ಅಂಚಿನಲ್ಲಿ ಊರಿನ ಬಸ್ಸಿಗಾಗಿ ಕಾಯುವವರ ಸಾಲು ಬೆಳೆಯುವುದು. ಮರುದಿನ ವಿಜಯದಶಮಿ. ಆ ದಿನ ಪೀಣ್ಯವು ಬರಿದು.

ಆ ಮರುದಿನದ ವಿಷಯವಾಗಿಯೇ ನಾವು ಇಂದು ತಮ್ಮಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಬೇಕೆಂದಿರುವೆವು.

ಹಿಂದೊಂದು ವರ್ಷ, ಹಬ್ಬ ಕಳೆದು ಕೆಲಸ ಮರಳಿ ಆರಂಭವಾದ ದಿನ, ಇಲ್ಲಿಯ ಒಂದು ಸಣ್ಣ ಕಾರ್ಖಾನೆಗೆ ನಾವು ಹೋಗಿದ್ದೆವು. ವಿಜಯಪುರದ ಕಡೆಯ ಒಬ್ಬ ತರುಣನು ಆ ಬೆಳಗಿನ ಬಸ್ಸಿಗೇ ಊರಿನಿಂದ ಬಂದಿಳಿದಿದ್ದನು. ಅವನು ಒಂದು ಕಾಗದದ ಪೊಟ್ಟಣವನ್ನು ಬಿಚ್ಚಿ, ಅದರೊಳಗಿನ ಬಾಡಿದ ಸಣ್ಣ ಎಲೆಗಳನ್ನು ಎರಡೂ ಕೈಗಳಲ್ಲಿ ಹಿಡಿದು, ಮೇಸ್ತ್ರಿಯ ಮುಂದೆ ನಿಂತು, “ಬನ್ನಿ ತಗೊಳ್ರೀ ಸರ, ಬಂಗಾರದ್ಹಂಗ ಇರೂಣ್ರೀ” ಎಂದನು. ಮೇಸ್ತ್ರಿ ಮಂಡ್ಯದ ಕಡೆಯವರು, ಒಳ್ಳೆಯ ಮನುಷ್ಯರು. “ಇದ್ಯಾವ ಸೊಪ್ಪಪ್ಪಾ, ಯಾವುದಕ್ಕೆ ಔಷಧಿ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ತರುಣನೂ ನಕ್ಕನು. ಆದರೆ ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟುಕೊಂಡನು, ಮತ್ತೊಬ್ಬರಿಗೆ ಕೊಡಲಿಲ್ಲ. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಇಬ್ಬರೂ ಕನ್ನಡಿಗರು, ಇಬ್ಬರೂ ಒಂದೇ ಹಬ್ಬವನ್ನು ಮಾಡಿ ಬಂದವರು. ಒಬ್ಬನ ಕೈಯಲ್ಲಿದ್ದ ಹಬ್ಬವನ್ನು ಇನ್ನೊಬ್ಬರ ಕಣ್ಣು ಗುರುತಿಸಲಿಲ್ಲ, ಅಷ್ಟೆ.

ಮಹನೀಯರೇ, ಆಯುಧಪೂಜೆಯೂ ಬನ್ನಿಯೂ ಎರಡು ಹಬ್ಬಗಳಲ್ಲ. ಒಂದೇ ಕಥೆಯ ಎರಡು ಅರ್ಧಗಳು. ಆ ಕಥೆ ಭಾರತದ ವಿರಾಟಪರ್ವದ್ದು. ರಾಜ್ಯ ಕಳೆದುಕೊಂಡ ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ, ಎಂದರೆ ಬನ್ನಿಯ ಮರದ ಮೇಲೆ ಅಡಗಿಸಿಟ್ಟರು. ಹೆಸರು ಮರೆಸಿಕೊಂಡು ವಿರಾಟನ ಊರನ್ನು ಹೊಕ್ಕು ಒಂದು ವರ್ಷ ಪರರ ಚಾಕರಿ ಮಾಡಿದರು. ಭೀಮನು ಅಡುಗೆಗೆ ನಿಂತನು. ನಕುಲನು ಕುದುರೆ ಕಾದನು. ಸಹದೇವನು ಗೋವು ಕಾದನು. ದ್ರೌಪದಿಯು ಅರಸಿಯ ಸೇವಕಿಯಾದಳು. ಅವಧಿ ತುಂಬಿ ಗೋಗ್ರಹಣದ ಸಮಯ ಒದಗಿದಾಗ ಅರ್ಜುನನು ಉತ್ತರಕುಮಾರನನ್ನು ಅದೇ ಮರಕ್ಕೆ ಹತ್ತಿಸಿ ಆಯುಧಗಳನ್ನು ಇಳಿಸಿಕೊಂಡನು. ತನ್ನ ಹೆಸರನ್ನು ತಾನೇ ಹೇಳಿದನು. ಆ ದಿನವೇ ವಿಜಯದಶಮಿಯೆಂದು ನಮ್ಮ ಜನರ ನಂಬಿಕೆ. ಹಾವೇರಿ ಜಿಲ್ಲೆಯ ಹಾನಗಲ್ಲು ಶಾಸನಗಳಲ್ಲಿ ವಿರಾಟಕೋಟೆಯೆನಿಸಿದೆ. ಅದೇ ವಿರಾಟನ ನಗರವೆಂದು ಅಲ್ಲಿಯವರು ಇಂದಿಗೂ ಹೇಳುವರು. ಇತ್ತ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಳೆ ಬಾರದಿದ್ದರೆ ಗದುಗಿನ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುವ ವಾಡಿಕೆಯಿತ್ತು. ಕಥೆ ನಾಡಿಗೆಲ್ಲ ಒಂದೇ.

ಆದರೆ ಆಚರಣೆಯು ಹಂಚಿಹೋಯಿತು. ವಿಜಯನಗರದಲ್ಲಿ ಮಹಾನವಮಿಯು ಇಡೀ ಸಾಮ್ರಾಜ್ಯದ ಹಬ್ಬವಾಗಿತ್ತು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, 1520ರ ಸುಮಾರಿಗೆ ಪೋರ್ತುಗೀಜರ ಡೊಮಿಂಗೊ ಪಾಯಸನೂ ಅದನ್ನು ಕಣ್ಣಾರೆ ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. 1565ರ ಯುದ್ಧದಲ್ಲಿ ಆ ರಾಜಧಾನಿ ಹಾಳಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಉತ್ಸವವನ್ನು ಮುಂದುವರಿಸಿದರು. ಅದೇ ಮುಂದೆ ಮೈಸೂರಿನ ದಸರೆಯಾಯಿತು. ಮೈಸೂರಿನಲ್ಲಿಯೂ ಬನ್ನಿಯ ಪೂಜೆ ಉಂಟು. ಜಂಬೂಸವಾರಿ ಸೇರುವುದು ಬನ್ನಿಮಂಟಪವನ್ನೇ. ಆದರೆ ಅಲ್ಲಿ ಬನ್ನಿಯು ಅರಸನ ಮೆರವಣಿಗೆಯ ಕೊನೆಯ ಘಟ್ಟವಾಯಿತು. ಸಾಮಾನ್ಯರ ಪಾಲಿಗೆ ಉಳಿದದ್ದು ಮನೆಯ ಗೊಂಬೆಗಳು ಮತ್ತು ಆಯುಧಪೂಜೆ. ಬಡಗಣ ಸೀಮೆಯಲ್ಲಿ ಅಂಥ ಅರಮನೆಯ ಮೆರವಣಿಗೆ ಇರಲಿಲ್ಲ. ಅಲ್ಲಿ ನವಮಿಯ ದಿನ ಖಂಡೇಪೂಜೆ ಮಾಡಿ, ದಶಮಿಯ ಸಂಜೆ ಊರಿಗೆ ಊರೇ ಎಲ್ಲೆ ದಾಟಿ ಬನ್ನಿಯ ಮರದ ಬಳಿಗೆ ಹೋಗಿ, ಎಲೆ ತಂದು ಒಬ್ಬರಿಗೊಬ್ಬರು ಕೊಡುವರು. ಕಿರಿಯರು ಹಿರಿಯರ ಕಾಲಿಗೆರಗುವರು. ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಎಲೆ ಹಿಡಿದು ಎದುರುಬದುರು ನಿಲ್ಲುವರು. ಎಲ್ಲೆ ದಾಟುವ ಈ ಆಚಾರಕ್ಕೆ ಸೀಮೋಲ್ಲಂಘನವೆಂದು ಹೆಸರು.

ಸೀಮೋಲ್ಲಂಘನ ಎಂಬ ಶಬ್ದವನ್ನು ನಮ್ಮ ಏಕೀಕರಣದ ಹಿರಿಯರು ಸುಮ್ಮನೆ ಬಿಡಲಿಲ್ಲ. ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಚದುರಿಹೋಗಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಧಾರವಾಡದಲ್ಲಿ ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ನವರಾತ್ರಿಯನ್ನೇ ನಾಡಹಬ್ಬವನ್ನಾಗಿ ಮಾಡಿದರು. ಹೊಸ ಹಬ್ಬವೊಂದನ್ನು ಹುಟ್ಟಿಸಲಿಲ್ಲ. ಮನೆಮನೆಯ ಹಬ್ಬಕ್ಕೆ ನಾಡಿನ ಅರ್ಥವನ್ನು ಕೂಡಿಸಿದರು. ದೇವಿಯ ಆರಾಧನೆಯೊಡನೆ ಕನ್ನಡದ ಹಾಡು, ಕನ್ನಡದ ವ್ಯಾಖ್ಯಾನ ಸೇರಿದವು. ನಕ್ಷೆಯ ಮೇಲೆ ಒಂದಾಗುವುದಕ್ಕೆ ಮೊದಲು ನಾವು ಹಬ್ಬದಲ್ಲಿ ಒಂದಾದೆವು ಎಂಬುದನ್ನು ಉಪಾಧ್ಯಾಯರು ಮಕ್ಕಳಿಗೆ ಹೇಳಬೇಕು.

ಈ ಪೀಣ್ಯದ ನೆರೆಯ ಜಾಲಹಳ್ಳಿಯನ್ನೇ ನೋಡಿರಿ. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸಂಸ್ಥೆಯು ಸ್ಥಾಪಿತವಾದದ್ದು 1953ರಲ್ಲಿ. ಅದೇ ವರ್ಷ ಅದರಗುಂಚಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಹೂಡಿದ್ದರು. ಆ ವರ್ಷ ಹುಬ್ಬಳ್ಳಿಯಿಂದ ಇಲ್ಲಿಗೆ ಕೆಲಸ ಹುಡುಕಿ ಬಂದ ತರುಣನು ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದ ಪರಪ್ರಾಂತದವನು. 1956ರ ನವೆಂಬರ್ 1ರಂದು ಅವನು ಕುಳಿತಲ್ಲಿಂದ ಏಳದೆಯೇ ಸ್ವಂತ ರಾಜ್ಯದವನಾದನು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಕಾಸರಗೋಡಿನ ಬಂಧುಗಳು ಮಾತ್ರ ಹೊರಗುಳಿದರು. ಚಂದ್ರಗಿರಿಯ ಉತ್ತರದ ಭಾಗ ನಮಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದರೂ ಗೆರೆ ಕದಲಲಿಲ್ಲ. ಆ ನೋವು ನಮ್ಮಲ್ಲಿದೆ. ಆದರೆ ಗೆರೆಯ ಒಳಗೆ ಇರುವ ನಾವಾದರೂ ಒಬ್ಬರನ್ನೊಬ್ಬರು ಎಷ್ಟು ಅರಿತಿರುವೆವು? ಮಂಡ್ಯದ ಮೇಸ್ತ್ರಿಗೆ ವಿಜಯಪುರದ ಎಲೆ ಅಪರಿಚಿತವಾಗಿರುವವರೆಗೆ ಏಕೀಕರಣವು ಸರ್ಕಾರದ ಕಡತದಲ್ಲಿ ಮುಗಿದಿದೆಯೇ ಹೊರತು ನಮ್ಮ ನಡುವೆ ಮುಗಿದಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಈ ಬಡಾವಣೆಗಳಲ್ಲಿ ಅಜ್ಞಾತವಾಸ ಮಾಡುತ್ತಿರುವವರು ಎಷ್ಟು ಜನ! ರಾಯಚೂರು, ಕಲಬುರಗಿ, ಕೊಪ್ಪಳಗಳಿಂದ ಬಂದು ಹೆಗ್ಗನಹಳ್ಳಿ, ಲಗ್ಗೆರೆಗಳ ಸಣ್ಣ ಕೋಣೆಗಳಲ್ಲಿ ನಾಲ್ವರು ಐವರು ಕೂಡಿ ಇರುವವರು. ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರುಳ್ಳವರು, ಕಾರ್ಖಾನೆಯ ಪಟ್ಟಿಯಲ್ಲಿ ಹೆಸರಿಲ್ಲದವರು. ಆಯುಧಪೂಜೆಯ ದಿನ ಒಂದೆಡೆ ನಾವು ಕಂಡದ್ದು ಹೀಗೆ: ಕಾಯಂ ನೌಕರರಿಗೆ ಮಿಠಾಯಿಯ ಪೆಟ್ಟಿಗೆ, ಗುತ್ತಿಗೆಯವರಿಗೆ ಒಂದು ಹಿಡಿ ಪುರಿ. ಅವರು ತೊಳೆದ ಯಂತ್ರಕ್ಕೆ ಮಾಲೆ ಬಿದ್ದಿತ್ತು; ತೊಳೆದವರು ಬಾಗಿಲ ಬಳಿ ನಿಂತಿದ್ದರು. ಬಂಧುಗಳೇ, ಆಯುಧವನ್ನು ಪೂಜಿಸಿ, ಅದನ್ನು ಹಿಡಿದ ಕೈಯನ್ನು ಹೊರಗೆ ನಿಲ್ಲಿಸಿದರೆ ಅದು ಅರ್ಧ ಹಬ್ಬ. ಪಾಂಡವರ ಕಥೆ ಆಯುಧ ಇಳಿಸಿದಲ್ಲಿಗೆ ನಿಲ್ಲಲಿಲ್ಲ. ಚಾಕರಿಗೆ ನಿಂತವರು ಯಾರೆಂಬುದನ್ನು ಊರು ತಿಳಿದುಕೊಂಡಲ್ಲಿಗೆ ಮುಟ್ಟಿತು. ಬನ್ನಿ ಕೊಡುವಾಗ ಎದುರಿಗಿದ್ದವರ ಮುಖ ನೋಡಬೇಕು, ಹೆಸರು ಹಿಡಿದು ಕರೆಯಬೇಕು, ಎರಡು ಕೈ ಚಾಚಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟದ್ದೂ ಇದೇ ತಿಳಿವಳಿಕೆಯಿಂದ.

“ಯಂತ್ರಕ್ಕೆ ಪೂಜೆ ಏಕೆ, ಇದೆಲ್ಲ ಮೌಢ್ಯವಲ್ಲವೇ?” ಎಂದು ಕೇಳುವ ವಿದ್ಯಾವಂತರಿದ್ದಾರೆ. ನಂಬುವವರು ನಂಬಲಿ, ನಂಬದವರು ಬಿಡಲಿ. ಆದರೆ ವರ್ಷಕ್ಕೊಮ್ಮೆ ಯಂತ್ರವನ್ನು ನಿಲ್ಲಿಸಿ, ಮೂಲೆಮೂಲೆಯನ್ನು ತೊಳೆದು, ಸಡಿಲಾದ ಬೋಲ್ಟನ್ನು ಬಿಗಿದು, ಕೈಬೆರಳಿಗೆ ಅಪಾಯ ತರುವ ಭಾಗವನ್ನು ಕಣ್ಣಿಟ್ಟು ನೋಡುವ ದಿನ ಯಾರಿಗೂ ಬೇಡವಾಗಲಾರದು. ಮೌಢ್ಯವೆನ್ನಬೇಕಾದದ್ದು ಬೇರೆ ಇದೆ. ನಡುರಸ್ತೆಯಲ್ಲಿ ಒಡೆದ ಕುಂಬಳದ ತಿರುಳಿನ ಮೇಲೆ ಜಾರಿ ದ್ವಿಚಕ್ರ ವಾಹನದವರು ಬೀಳುತ್ತಾರೆ. ದೃಷ್ಟಿ ತೆಗೆಯಲೆಂದು ಒಡೆದದ್ದು ಇನ್ನೊಬ್ಬರ ಕಾಲು ಮುರಿಯಬಾರದು.

ಪೀಣ್ಯದಲ್ಲಿ ಕನ್ನಡಿಗರು ಮಾತ್ರವೇ ಇಲ್ಲ ಎಂಬುದೂ ನಮಗೆ ತಿಳಿದಿದೆ. ಬಿಹಾರ, ಒಡಿಶಾ, ಬಂಗಾಳಗಳ ಕಾರ್ಮಿಕರು ತಮ್ಮ ಉಪಕರಣಗಳನ್ನು ಪೂಜಿಸುವುದು ಸೆಪ್ಟೆಂಬರ್ 17ರ ಹೊತ್ತಿಗೆ ಬರುವ ವಿಶ್ವಕರ್ಮ ಪೂಜೆಯ ದಿನ. ಅವರ ಹಬ್ಬಕ್ಕೆ ನಾವು ಹೋಗೋಣ. ನಮ್ಮ ಬನ್ನಿಗೆ ಅವರನ್ನು ಕರೆಯೋಣ. ಅದರೊಡನೆ ಅವರ ಬಾಯಿಗೆ ನಾಲ್ಕು ಕನ್ನಡ ಮಾತು ತಾನಾಗಿಯೇ ಬರುವುದು. ಪೂಜೆಗೆ ಬಾರದ ಮುಸಲ್ಮಾನ, ಕ್ರೈಸ್ತ ಸೋದರರು ಎಲೆಯ ಸ್ನೇಹಕ್ಕೆ ಬರಬಹುದು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಸಹ ಹಿಂದುಗಳು ಮೊಹರಮ್ಮಿನ ಅಲಾಯಿ ದೇವರನ್ನು ಕೂಡಿಸುವ ನಾಡು ಉತ್ತರ ಕರ್ನಾಟಕ. ಆ ಸೀಮೆಯ ಬನ್ನಿಗೆ ಜಾತಿಯ ಬೇಲಿ ಹಾಕುವುದು ಸಲ್ಲದು.

ಆದುದರಿಂದ ನಮ್ಮ ಬಿನ್ನಹ ಮೂರೇ. ಮೊದಲನೆಯದು: ಆಯುಧಪೂಜೆಯ ದಿನ ಒಂದು ಸೂರಿನಡಿ ದುಡಿಯುವವರೆಲ್ಲರಿಗೂ ಒಂದೇ ಪಾಲು ಸಲ್ಲಲಿ, ಪಟ್ಟಿ ನೋಡಿ ಮಿಠಾಯಿ ಹಂಚುವುದು ಬೇಡ. ಎರಡನೆಯದು: ಹಬ್ಬ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ, ಯಂತ್ರ ಹೂಡುವ ಮೊದಲು ಕಾಲು ಗಂಟೆ ನಿಂತು, ಮಾಲೀಕರು, ಮೇಸ್ತ್ರಿ, ಕಾರ್ಮಿಕ, ಕಸ ಗುಡಿಸುವ ತಾಯಿ ಎಲ್ಲರೂ ಪರಸ್ಪರ ಬನ್ನಿ ವಿನಿಮಯ ಮಾಡಿಕೊಳ್ಳಲಿ. ಉತ್ತರದವರು ಊರಿನಿಂದ ಎಲೆ ತರಲಿ. ದಕ್ಷಿಣದವರು ಎರಡು ಕೈಯೊಡ್ಡಿ ತೆಗೆದುಕೊಳ್ಳಲಿ. ಮರವನ್ನು ಬೋಳಿಸಬಾರದು, ಒಬ್ಬರಿಗೆ ಒಂದು ಎಸಳು ಸಾಕು. ಮೂರನೆಯದು ಉಪಾಧ್ಯಾಯರಿಗೆ: ತಮ್ಮ ಶಾಲೆಯ ಅಂಗಳದಲ್ಲಿ ಒಂದು ಬನ್ನಿಯ ಸಸಿ ನೆಡಿರಿ. ಅದು ಒಣ ನೆಲದ ಮರ. ಹೆಚ್ಚು ನೀರು ಬೇಡುವುದಿಲ್ಲ. ಅದರ ಬುಡದಲ್ಲಿ ಕೂಡಿಸಿಕೊಂಡು ಮಕ್ಕಳಿಗೆ ವಿರಾಟಪರ್ವವನ್ನೂ ನಾಡಹಬ್ಬದ ಕಥೆಯನ್ನೂ ಹೇಳಿರಿ. ತಮ್ಮ ತರಗತಿಯಲ್ಲಿ ಬೀದರಿನ ಮಗುವೂ ಚಾಮರಾಜನಗರದ ಮಗುವೂ ಒಂದೇ ಮಣೆಯ ಮೇಲೆ ಕುಳಿತಿವೆ. ಆ ಮಣೆಗಿಂತ ಹೆಚ್ಚಿನ ಏಕೀಕರಣ ಸಮ್ಮೇಳನ ಯಾವುದು?

ನಮ್ಮ ಭಾಷೆಯ ಒಂದು ಸೊಗಸನ್ನು ಹೇಳಿ ಮುಗಿಸುವೆವು. ಬನ್ನಿ ಎಂದರೆ ಮರ. ಬನ್ನಿ ಎಂದರೆ ಕರೆಯೂ ಹೌದು. ಆ ವಿಜಯಪುರದ ತರುಣನು ಪೊಟ್ಟಣ ಬಿಚ್ಚಿ ಕೊಟ್ಟದ್ದು ಎರಡನ್ನೂ. ಈ ವರ್ಷ ಅವನು ಮತ್ತೆ ಊರಿನಿಂದ ಬರುವಾಗ ಪೊಟ್ಟಣ ಹಿಡಿದೇ ಬರಲಿ. ಅದನ್ನು ಮಡಿಸಿ ಜೇಬಿಗಿಡುವ ಪ್ರಸಂಗ ಅವನಿಗೆ ಬಾರದಿರಲಿ. ಅದನ್ನು ನೋಡಿಕೊಳ್ಳುವ ಹೊಣೆ ಇಲ್ಲಿ ಕುಳಿತಿರುವ ನಮ್ಮೆಲ್ಲರದು.