ಒತ್ತು, ಹಿಡಿ, ಬಿಡು

ಕಾರಿನ ಬ್ರೇಕಿನೊಳಗೆ ಸೇರಿದ ಗಾಳಿಯನ್ನು ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಚಾಲಕನ ಸೀಟಿನಲ್ಲಿ ಕುಳಿತು ಪೆಡಲನ್ನು ತುಳಿಯುತ್ತಾರೆ. ಇನ್ನೊಬ್ಬರು ಚಕ್ರ ಕಳಚಿದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸಣ್ಣದೊಂದು ನಿಪ್ಪಲನ್ನು ಸಡಿಲಿಸುತ್ತಾರೆ, ಬಿಗಿಯುತ್ತಾರೆ. ಇವರ ಮುಖ ಅವರಿಗೆ ಕಾಣದು, ಅವರ ಕಾಲು ಇವರಿಗೆ ಕಾಣದು. ನಡುವೆ ಇರುವುದು ಮೂರು ಮಾತು ಮಾತ್ರ: ಒತ್ತು, ಹಿಡಿ, ಬಿಡು. ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುವ ಈ ಸಂಭಾಷಣೆ ಮನೆಯಂಗಳದಲ್ಲಿ ನಡೆಯುವುದು ಅಪರೂಪ. ನಡೆಯಬಾರದೆಂದೇನೂ ಇಲ್ಲ. ಆದರೆ ತಾವು ಮಾಡುತ್ತಿರುವುದು ಏನೆಂಬುದು ಇಬ್ಬರಿಗೂ ತಿಳಿದಿರಬೇಕು.

ನಮ್ಮ ಮನೆಯಲ್ಲಿರುವುದು 1978ರ ಅಂಬಾಸಿಡರು. ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಾವು ಮಾತ್ರ ಅದನ್ನು ಬಿಡಲಿಲ್ಲ. ಮಾರುಕಟ್ಟೆಗೆ, ಮದುವೆಮನೆಗೆ ಓಡಾಡುವಷ್ಟಕ್ಕೆ ಅದರ ನಾಲ್ಕು ಡ್ರಮ್ ಬ್ರೇಕುಗಳು ಸಾಕಾಗಿದ್ದವು. ಮಗಳು ಚಾಲನೆ ಕಲಿತು, ಇದೇ ಕಾರಿನಲ್ಲಿ ಆಗುಂಬೆ ಇಳಿದು ಉಡುಪಿಗೆ ಹೋಗುತ್ತೇನೆಂದಾಗ ಪ್ರಶ್ನೆ ಬೇರೆಯಾಯಿತು. ಆಗುಂಬೆಯ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅಲ್ಲಿ ಬ್ರೇಕಿಗೆ ಬಿಡುವೆಂಬುದಿಲ್ಲ.

ಬ್ರೇಕು ವೇಗವನ್ನು ನುಂಗಿ ಶಾಖವನ್ನಾಗಿ ಮಾಡುತ್ತದೆ. ಲೆಕ್ಕ ಹಾಕಿ ನೋಡಬಹುದು. ಜನರೂ ಸೇರಿ 1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿಲೋಮೀಟರು ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಿಂದ ಅರ್ಧ ಲೀಟರು ತಣ್ಣೀರನ್ನು ಕುದಿಮಟ್ಟಕ್ಕೆ ತರಬಹುದು. ನಾಲ್ಕು ಲೋಟ ಕಾಫಿಗೆ ಸಾಲುವಷ್ಟು ಎನ್ನೋಣ. ಅದೇ ಕಾರು 500 ಮೀಟರು ಎತ್ತರವನ್ನು ಬ್ರೇಕನ್ನೇ ನಂಬಿ ಇಳಿದರೆ ಹುಟ್ಟುವ ಶಾಖ ಸುಮಾರು 17 ಲೀಟರು ನೀರನ್ನು, ಅಂದರೆ ದೊಡ್ಡದೊಂದು ಕೊಡದ ತುಂಬ ನೀರನ್ನು, ಕುದಿಸೀತು. ಕೆಳಗಿನ ಗೇರಿನಲ್ಲಿ ಇಳಿಯಿರಿ ಎಂದು ಹಿರಿಯ ಚಾಲಕರು ಹೇಳುವುದು ಇದಕ್ಕಾಗಿಯೇ. ಆಗ ಈ ಹೊರೆಯಲ್ಲಿ ಎಂಜಿನು ತನ್ನ ಪಾಲನ್ನು ಹೊರುತ್ತದೆ. ಉಳಿದದ್ದು ಬ್ರೇಕಿನ ಪಾಲು. ಅದರಲ್ಲಿಯೂ ಹೆಚ್ಚಿನದು ಮುಂದಿನ ಚಕ್ರಗಳದು. ಬಸ್ಸು ಥಟ್ಟನೆ ನಿಂತಾಗ ನಿಂತ ಜನರೆಲ್ಲ ಮುಂದಕ್ಕೆ ವಾಲುವುದಿಲ್ಲವೆ? ಕಾರಿನ ಭಾರವೂ ಹಾಗೆಯೇ ಮುಂದಕ್ಕೆ ಸರಿಯುತ್ತದೆ.

ಡ್ರಮ್ ಬ್ರೇಕಿನಲ್ಲಿ ಈ ಶಾಖ ಮುಚ್ಚಿದ ಪಾತ್ರೆಯೊಳಗಿನ ಹಬೆಯಂತೆ ಸಿಕ್ಕಿಬೀಳುತ್ತದೆ. ಕಾದ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತ ಸಡಿಲವಾಗುತ್ತದೆ, ಪೆಡಲು ಕೆಳಕೆಳಗೆ ಹೋಗುತ್ತದೆ. ಡಿಸ್ಕು ಹಾಗಲ್ಲ. ಅದು ಗಾಳಿಗೆ ಒಡ್ಡಿದ ತಟ್ಟೆ. ಕಾದರೂ ಬೇಗ ಆರುತ್ತದೆ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದರು. ಜಗತ್ತು ಅದನ್ನು ನಂಬಲು ಅರ್ಧ ಶತಮಾನ ಹಿಡಿಯಿತು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ತನ್ನ ಡಿಎಸ್ ಕಾರಿನ ಮುಂಚಕ್ರಗಳಿಗೆ ಅದನ್ನು ಅಳವಡಿಸಿತು. ನಮ್ಮ ಅಂಬಾಸಿಡರಿಗೂ ಕೊನೆಯ ಕಾಲದ ಕೆಲವು ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಮುಂದೆ ಡಿಸ್ಕು ಬಂತು. ಹೀಗಾಗಿ ಹಳೆಯ ಕಾರಿಗೆ ಬೇಕಾದ ಭಾಗಗಳು ಅದರ ಕುಲದಲ್ಲಿಯೇ ಉಂಟು. ಕಂಡ ಕಂಡ ಕಾರಿನ ಕ್ಯಾಲಿಪರನ್ನು ತಂದು ಬೆಸುಗೆ ಹಾಕಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಕಾನೂನೂ ಒಪ್ಪುವುದಿಲ್ಲ: ತಯಾರಕರು ನಮೂದಿಸಿದ ವಿವರಗಳಿಗೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕೈ ಹಾಕುವ ಮುನ್ನ ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಮುಂದಿನ ಡ್ರಮ್ಮನ್ನು ತೆಗೆದು ಡಿಸ್ಕನ್ನು ಹಾಕಿದರೆ ಮುಗಿಯಿತೆಂದು ಭಾವಿಸುವವರೇ ಬಹಳ. ನಿಜವಾದ ತೊಡಕು ಇರುವುದು ಕಣ್ಣಿಗೆ ಕಾಣದ ಕಡೆ. ಡ್ರಮ್ಮು ತಿರುಗುವಾಗ ಷೂವನ್ನು ತಾನೇ ತನ್ನತ್ತ ಎಳೆದುಕೊಂಡು ಚಾಲಕನ ಕಾಲಿಗೆ ನೆರವಾಗುತ್ತದೆ. ಡಿಸ್ಕು ಆ ಉಪಕಾರ ಮಾಡದು; ಆದ್ದರಿಂದ ಬೂಸ್ಟರು ಬೇಕು. ಬೂಸ್ಟರಿಗೆ ಶಕ್ತಿ ಬರುವುದು ಓಡುತ್ತಿರುವ ಎಂಜಿನಿನ ಹೀರಿಕೆಯಿಂದ. ಪೆಟ್ರೋಲು ಉಳಿಸಲೆಂದು ಎಂಜಿನನ್ನು ಆರಿಸಿ ಘಾಟಿ ಇಳಿಯುವ ಮಹಾನುಭಾವರು ಇದನ್ನು ನೆನಪಿಡಬೇಕು. ಇನ್ನು ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ, ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಉಳಿಸುವ ಸಣ್ಣದೊಂದು ಕವಾಟವಿರುವುದುಂಟು. ಡ್ರಮ್ಮಿಗೆ ಅದು ಹಿತ. ಡಿಸ್ಕಿನಲ್ಲಾದರೋ, ಪ್ಯಾಡುಗಳು ಬಿಡದೆ ತಟ್ಟೆಗೆ ಉಜ್ಜುತ್ತಲೇ ಇದ್ದು ಸುಮ್ಮನೆ ಓಡುವಾಗಲೂ ಬ್ರೇಕು ಕಾಯುತ್ತದೆ. ಆದಕಾರಣ ಮಾಸ್ಟರ್ ಸಿಲಿಂಡರನ್ನೂ ಬದಲಿಸಬೇಕು. ಬದಲಿಸುವಾಗ ಹಿಂದಕ್ಕೊಂದು, ಮುಂದಕ್ಕೊಂದು ಪ್ರತ್ಯೇಕ ದಾರಿಯಿರುವ ಜೋಡಿ ಸಿಲಿಂಡರನ್ನೇ ಹಾಕುವುದು ಮೇಲು. ಒಂಟಿ ದಾರಿಯ ಹಳೆಯ ಏರ್ಪಾಡಿನಲ್ಲಿ ಒಂದು ಕೊಳವೆ ಸೋರಿದರೆ ನಾಲ್ಕು ಚಕ್ರಗಳೂ ಕೈಬಿಡುತ್ತವೆ.

ಕಾರನ್ನು ಎತ್ತಿದ ಮೇಲೆ ಜಾಕನ್ನು ನಂಬಬಾರದು, ಇಟ್ಟಿಗೆಯನ್ನಂತೂ ನಂಬಲೇಬಾರದು. ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಆ ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕ್ಯಾಲಿಪರನ್ನು ಕೂರಿಸಿದ ಮೇಲೆ ಒಂದನ್ನು ತಪ್ಪದೆ ನೋಡಬೇಕು: ನಿಪ್ಪಲು ಮೇಲ್ತುದಿಯಲ್ಲಿದೆಯೆ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋದರೂ ಅನೇಕ ಕ್ಯಾಲಿಪರುಗಳು ಚೆನ್ನಾಗಿಯೇ ಕೂರುತ್ತವೆ. ನಿಪ್ಪಲು ಮಾತ್ರ ಕೆಳಮುಖವಾಗುತ್ತದೆ. ಗಾಳಿ ಏರುವ ವಸ್ತು. ಕೆಳಗೆ ಬಾಗಿಲಿಟ್ಟು ಅದನ್ನು ಹೊರಗೆ ಕರೆದರೆ ಬರುವುದಿಲ್ಲ. ದಿನವಿಡೀ ತುಳಿದರೂ ಪೆಡಲು ಸ್ಪಂಜಿನಂತೆಯೇ ಇರುತ್ತದೆ.

ಗಾಳಿಯ ಮೇಲೆ ಇಷ್ಟೇಕೆ ಹಗೆ? ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಕುಂದದೆ ಹರಡುತ್ತದೆಂಬುದು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ಕಂಡ ಮಾತು. ಕಾಲಿನ ಬಲ ಚಕ್ರಕ್ಕೆ ತಲುಪುವುದು ದ್ರವ ಕುಗ್ಗದಿರುವುದರಿಂದ. ಗಾಳಿ ಕುಗ್ಗುತ್ತದೆ. ನಡುವೆ ಒಂದು ಗುಳ್ಳೆಯಿದ್ದರೂ ಕಾಲಿನ ಒತ್ತು ಅದನ್ನು ಹಿಸುಕುವುದರಲ್ಲಿ ಕಳೆದುಹೋಗುತ್ತದೆ. ನಾವು ಬ್ರೇಕ್ ಆಯಿಲ್ ಎನ್ನುವ ದ್ರವ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಮಾರುವ ಇದು ವಾತಾವರಣದ ತೇವವನ್ನು ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ 140ಕ್ಕೆ ಇಳಿಯಬಹುದು. ಘಾಟಿಯ ಶಾಖದಲ್ಲಿ ಅದು ಕುದಿದರೆ ಎದ್ದ ಆವಿ ಗಾಳಿಯಷ್ಟೇ ದ್ರೋಹಿ. ಮುಚ್ಚಳ ತೆಗೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯನ್ನು ಬಳಸಬಾರದೆನ್ನುವುದು ಇದಕ್ಕೇ. ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೂ ತಿನ್ನುತ್ತದೆ. ಬಿದ್ದ ಕೂಡಲೇ ನೀರು ಸುರಿದು ತೊಳೆಯಬೇಕು.

ನಮ್ಮ ಅಂಗಳದಲ್ಲಿ ಮಗಳು ಒಳಗೆ, ನಾನು ಕೆಳಗೆ. ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ದ್ರವವಿರುವ ಬಾಟಲಿಯೊಳಗೆ ಮುಳುಗಿಸಿದ್ದೆ. ಮಾಸ್ಟರ್ ಸಿಲಿಂಡರು ಬಲಮುಂದೆ ಇರುವುದರಿಂದ ಅತಿ ದೂರದ ಎಡಹಿಂದಿನ ಚಕ್ರದಿಂದ ಹೊರಟು ಬಲಹಿಂದು, ಎಡಮುಂದು, ಕೊನೆಗೆ ಬಲಮುಂದು ಎಂಬ ವಾಡಿಕೆಯ ಕ್ರಮ.

“ಒತ್ತು.”

“ಒತ್ತಿದೆ ಅಪ್ಪಾ.”

“ಹಿಡಿ.”

“ಹಿಡಿದೆ.”

ಆಗ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ನಳಿಗೆಯಲ್ಲಿ ಗುಳ್ಳೆಗಳು ಸಾಲಾಗಿ ಹೊರಡುತ್ತವೆ. ಒಳಗೆ ಪೆಡಲು ಕುಸಿಯುತ್ತದೆ. “ಕೆಳಗೆ ಹೋಯಿತು” ಎಂದು ಅವಳು ಹೇಳಬೇಕೇ ಹೊರತು ಕಾಲು ತೆಗೆಯಬಾರದು. ನಾನು ಬಿಗಿದು “ಬಿಡು” ಎಂದ ಮೇಲೆಯೇ ತೆಗೆಯಬೇಕು. ಒಂದು ಗಳಿಗೆ ಮೊದಲು ತೆಗೆದರೆ ಹೋದ ಗಾಳಿ ತಿರುಗಿ ಒಳಗೆ ಬರುತ್ತದೆ. ಹಳೆಯ ಸಿಲಿಂಡರಾದರೆ ಪೆಡಲಿನ ಕೆಳಗೊಂದು ಮರದ ತುಂಡನ್ನಿಡುವುದು ಒಳ್ಳೆಯದು. ಎಂದೂ ಮುಟ್ಟದ ತಳಕ್ಕೆ ಪಿಸ್ಟನ್ನು ಇಳಿದು ಅಲ್ಲಿನ ತುಕ್ಕಿಗೆ ರಬ್ಬರು ಹರಿಯುವುದು ತಪ್ಪುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿಯಲ್ಲಿ ದ್ರವವಿದೆಯೇ ಎಂದು ನೋಡಬೇಕು. ಅದು ಬರಿದಾದರೆ ಮಾಡಿದ್ದೆಲ್ಲ ಮೊದಲಿನಿಂದ.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ ತಿಳಿವಳಿಕೆ ಇಬ್ಬರಲ್ಲಿ ಹಂಚಿಹೋಗಿರುವುದು. ಗುಳ್ಳೆ ನಿಂತದ್ದು ನನ್ನ ಕಣ್ಣಿಗೆ ಗೊತ್ತು. ಪೆಡಲು ಗಟ್ಟಿಯಾದದ್ದು ಅವಳ ಪಾದಕ್ಕೆ ಗೊತ್ತು. ಬಲಮುಂದಿನ ಚಕ್ರದಲ್ಲಿ ಗುಳ್ಳೆ ಕಾಣದಾದಾಗ ನಾನು ಸಾಕೆಂದೆ. “ಇಲ್ಲ ಅಪ್ಪಾ, ಇನ್ನೂ ಮೆತ್ತಗಿದೆ” ಎಂದಳು. ಕ್ಯಾಲಿಪರನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೆ ಒತ್ತಿಸಿದಾಗ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಗುಂಪೊಂದು ಹೊರಬಂತು. ನಾಳೆ ಆ ಪೆಡಲಿನ ಮೇಲೆ ಕಾಲಿಡುವವಳು ಅವಳೇ ಆದ್ದರಿಂದ ಕೊನೆಯ ಮಾತು ಅವಳದೇ ಎಂದು ನಾವು ಮೊದಲೇ ಒಪ್ಪಿಕೊಂಡಿದ್ದೆವು.

ಪರೀಕ್ಷೆ ಎರಡು ಬಗೆ. ಪದೇ ಪದೇ ತುಳಿದಾಗ ಪೆಡಲು ಮೇಲೇರಿ ಗಟ್ಟಿಯಾದರೆ ಒಳಗೆ ಇನ್ನೂ ಗಾಳಿಯಿರಬಹುದು, ಇಲ್ಲವೆ ಹಿಂದಿನ ಷೂಗಳ ಹೊಂದಿಕೆ ಸಡಿಲವಿರಬಹುದು. ಒಂದೇ ಸಮನೆ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಅದು ಗಾಳಿಯಲ್ಲ. ಎಲ್ಲಿಯೋ ಸೋರಿಕೆಯಿದೆ, ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗೇ. ಹಾಗಿದ್ದಾಗ ಕಾರನ್ನು ಅಂಗಳ ದಾಟಿಸಬಾರದು. ಎಲ್ಲ ಸರಿಯಿದ್ದರೂ ಹೊರಡುವ ಮುನ್ನ ನಿಂತಲ್ಲಿಯೇ ಹಲವು ಸಲ ತುಳಿದು ಪ್ಯಾಡುಗಳನ್ನು ಡಿಸ್ಕಿನ ಹತ್ತಿರಕ್ಕೆ ತಂದುಕೊಳ್ಳಬೇಕು. ಬಳಿಕ ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಿಂದ ಆರಂಭ. ಹೊಸ ಪ್ಯಾಡು ಹೊಸ ಡಿಸ್ಕಿಗೆ ಒಗ್ಗುವವರೆಗೆ ಕೆಲವು ದಿನ ಮೆಲ್ಲಗೆ ಹಿಡಿಯುತ್ತ ಓಡಿಸಬೇಕು. ಘಾಟಿಯ ಮಾತು ಆಮೇಲೆ. ಮರುದಿನ ಬೆಳಗ್ಗೆ ನಾಲ್ಕು ಚಕ್ರಗಳ ಒಳಬದಿಯಲ್ಲಿ ಒದ್ದೆಯಿದೆಯೇ ನೋಡಿ. ನಿಪ್ಪಲಿನ ರಬ್ಬರು ಟೊಪ್ಪಿಗೆಯನ್ನು ತೊಡಿಸಿರಿ. ಅದರ ಸಣ್ಣ ರಂಧ್ರಕ್ಕೆ ಕೆಸರು ತುಂಬಿ ತುಕ್ಕು ಹಿಡಿದರೆ ಎರಡು ವರ್ಷದ ಮೇಲೆ ದ್ರವ ಬದಲಿಸಲು ಕುಳಿತಾಗ ಅದು ಸ್ಪ್ಯಾನರಿಗೆ ಬಗ್ಗುವುದಿಲ್ಲ.